ಫೋಟೋಗೆ ಹಾರ, ಪ್ರಶ್ನೆಗೆ ಹತ್ತು ನಿಮಿಷ

ಯಾವುದಾದರೂ ಒಂದು ಆಹ್ವಾನ ಪತ್ರಿಕೆ ಕೈಗೆತ್ತಿಕೊಳ್ಳಿ. ‘ರಾಷ್ಟ್ರನಾಯಕರು ಮತ್ತು ರಾಜಕೀಯ ನಾಯಕತ್ವ: ಒಂದು ದಿನದ ವಿಚಾರ ಸಂಕಿರಣ’ ಅಂತ ದಪ್ಪ ಅಕ್ಷರದಲ್ಲಿರುತ್ತೆ. ಮೇಲುಗಡೆ ನಾಲ್ಕೈದು ಫೋಟೋ. ಗಾಂಧಿ, ಅಂಬೇಡ್ಕರ್, ಪಟೇಲ್, ನೇತಾಜಿ. ಆಯೋಜಕರ ಒಲವು ಹೇಗಿದೆಯೋ ಹಾಗೆ ನೆಹರೂ ಇರ್ತಾರೆ ಅಥವಾ ಇರಲ್ಲ. ಕೆಳಗೆ ಉದ್ಘಾಟನೆ, ಅಧ್ಯಕ್ಷತೆ, ದಿವ್ಯ ಸಾನ್ನಿಧ್ಯ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಪ್ರಾಸ್ತಾವಿಕ ನುಡಿ, ಸ್ವಾಗತ, ನಿರೂಪಣೆ, ವಂದನಾರ್ಪಣೆ. ಇಷ್ಟೆಲ್ಲ ಮುಗಿದ ಮೇಲೆ ಒಂದು ಮೂಲೆಯಲ್ಲಿ: ‘ಸಂವಾದ, 10 ನಿಮಿಷ’.

ಆ ಹತ್ತು ನಿಮಿಷ ಕೂಡ ಸಿಗೋದಿಲ್ಲ ಅನ್ನೋದು ಹೋಗಿ ಬಂದವರಿಗೆಲ್ಲ ಗೊತ್ತು. ಹತ್ತೂವರೆಯ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಗಿ, ಉದ್ಘಾಟಕರು ‘ನನಗೆ ಇನ್ನೊಂದು ಕಾರ್ಯಕ್ರಮ ಇದೆ’ ಅಂತ ಹೊರಟು, ಅವರ ಹಿಂದೆ ಅರ್ಧ ಸಭೆ ಎದ್ದು, ಕೊನೆಗೆ ನಿರೂಪಕರು ‘ಸಮಯದ ಅಭಾವದಿಂದ...’ ಅಂತಾರೆ. ಅಷ್ಟರಲ್ಲಿ ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬಂದಿರುತ್ತೆ.

ಕೆಲಸದ ಜೊತೆಗೆ ಇಂಥ ಸಂಕಿರಣಗಳ ತಯಾರಿ ಸಭೆಗಳಲ್ಲೂ ಕೂತಿದ್ದೇನೆ. ಅಲ್ಲಿ ಎರಡು ಗಂಟೆ ಚರ್ಚೆಯಾಗೋದು ಯಾವುದರ ಬಗ್ಗೆ ಗೊತ್ತಾ? ಯಾರು ದೀಪ ಹಚ್ಚಬೇಕು, ಯಾರ ಹೆಸರು ಮೇಲೆ ಬರಬೇಕು, ಶಾಲಿನ ಜೊತೆ ಮೈಸೂರು ಪೇಟ ಬೇಕಾ ಬೇಡ್ವಾ, ಫ್ಲೆಕ್ಸ್ ಹತ್ತು ಅಡಿಯೋ ಹದಿನೈದೋ. ಬೆಳಗ್ಗೆ ಬಂದ ಕೇಳುಗ ಸಾಯಂಕಾಲ ಹೋಗುವಾಗ ಹೊಸದಾಗಿ ಏನು ತಿಳಿದುಕೊಂಡಿರಬೇಕು ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಭಾಷಣಕಾರರಿಗೆ ಫೋನು ಹೋಗುತ್ತೆ: ‘ಸರ್, ನಿಮಗೆ ಪಟೇಲರು. ಜೀವನ ಮತ್ತು ಸಾಧನೆ. ಇಪ್ಪತ್ತೈದು ನಿಮಿಷ.’ ಆಯ್ತು, ಅವರು ಹುಟ್ಟಿದ್ದರಿಂದ ಹಿಡಿದು ತೀರಿಕೊಂಡವರೆಗೆ ಒಪ್ಪಿಸ್ತಾರೆ. ಅದು ವಿಕಿಪೀಡಿಯದಲ್ಲಿ ಐದು ನಿಮಿಷಕ್ಕೆ ಸಿಗುತ್ತೆ, ಟ್ರಾಫಿಕ್ಕೂ ಇರಲ್ಲ.

ಹಾರ ತುರಾಯಿ ನನಗೇನೂ ಕಿರಿಕಿರಿಯಲ್ಲ. ಹಳ್ಳಿಯಲ್ಲಿ ಬೆಳೆದವನು, ಮರ್ಯಾದೆ ಮಾಡೋದು ಗೊತ್ತು. ತಕರಾರಿರೋದು ಸಂಕಿರಣ ಆ ಮೂಲಕ ಕಲಿಸುವ ಪಾಠದ ಬಗ್ಗೆ. ನಾಯಕ ಅಂದ್ರೆ ಹಾರ ಹಾಕಿಸಿಕೊಳ್ಳೋ ಫೋಟೋ, ನಾವು ಅಂದ್ರೆ ಚಪ್ಪಾಳೆ ತಟ್ಟೋರು. ಈ ಪಾಠ ತಪ್ಪು ಅಂತ ಆ ಫೋಟೋದಲ್ಲಿರುವವರೇ ಹೇಳಿಹೋಗಿದ್ದಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣದಲ್ಲಿ ವ್ಯಕ್ತಿಪೂಜೆಯ ಮೇಲೇ ಒಂದು ಭಾಗವಿದೆ. ಧರ್ಮದಲ್ಲಿ ಭಕ್ತಿಯಿಂದ ಮುಕ್ತಿ ಸಿಗಬಹುದು, ರಾಜಕೀಯದಲ್ಲಿ ಅದು ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತೆ ಅನ್ನೋದು ಅದರ ಸಾರ. ನೆಹರೂ ಇನ್ನೊಂದು ಹೆಜ್ಜೆ ಮುಂದೆ. 1937ರಲ್ಲಿ ‘ಚಾಣಕ್ಯ’ ಅನ್ನೋ ಸುಳ್ಳು ಹೆಸರಿಟ್ಟುಕೊಂಡು ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ತಮ್ಮ ಬಗ್ಗೆ ತಾವೇ ಎಚ್ಚರಿಕೆಯ ಲೇಖನ ಬರೆದರು: ಈ ಮನುಷ್ಯನ ಜನಪ್ರಿಯತೆ, ಗತ್ತು ನೋಡಿ, ಇವನು ಸರ್ವಾಧಿಕಾರಿಯಾಗಿಬಿಡಬಹುದು ಅಂತ. ಇಂಥವರ ಹೆಸರಲ್ಲಿ ಸಂಕಿರಣ ಮಾಡಿ ಈ ಎರಡನ್ನೂ ಮುಟ್ಟದೇ ಹೋಗ್ತೀವಿ ನೋಡಿ, ಅದಕ್ಕೆ ಏನನ್ನಬೇಕು?

ಇದರ ಫಲ ಆಫೀಸಿನ ಕೆಫೆಟೇರಿಯಾದಲ್ಲಿ ದಿನಾ ಕಾಣುತ್ತೆ. ನೆಹರೂ–ಪಟೇಲ್, ಗಾಂಧಿ–ಬೋಸ್ ಅಂದ ತಕ್ಷಣ ಆರ್‌ಸಿಬಿ–ಸಿಎಸ್‌ಕೆ ಥರ ಎರಡು ಟೀಮು. ಲಕ್ಷಾಂತರ ಸಂಬಳ ತಗೊಳ್ಳೋ, ಕೋಡಿನ ಒಂದು ಸಾಲನ್ನೂ ರಿವ್ಯೂ ಇಲ್ಲದೆ ಒಪ್ಪದ ಜನ ನಾವು. ನಾಯಕರ ವಿಷಯಕ್ಕೆ ಬಂದರೆ ಮಾತ್ರ ಫಾರ್ವರ್ಡ್ ಮೆಸೇಜೇ ಸಾಕು.

ನನಗನಿಸೋದು ಇಷ್ಟು. ವ್ಯಕ್ತಿಯನ್ನು ಬಿಟ್ಟು ಅವರು ತಗೊಂಡ ಒಂದೇ ಒಂದು ತೀರ್ಮಾನವನ್ನು ವಿಷಯ ಮಾಡಿ. ಸರ್ವರ್ ಬಿದ್ದಾಗ ಪೋಸ್ಟ್‌ಮಾರ್ಟಮ್ ಮೀಟಿಂಗ್ ಮಾಡ್ತೀವಲ್ಲ, ಹಾಗೆ. ಆ ಹೊತ್ತಲ್ಲಿ ಏನು ಗೊತ್ತಿತ್ತು, ಬೇರೆ ದಾರಿ ಏನಿತ್ತು, ಯಾರು ಬೇಡ ಅಂದಿದ್ದರು, ಆಮೇಲೆ ಏನಾಯ್ತು. ಒಂದೇ ವ್ಯತ್ಯಾಸ, ಆಫೀಸಿನಲ್ಲಿ ಯಾರ ಮೇಲೂ ತಪ್ಪು ಹೊರಿಸಬಾರದು ಅಂತೀವಿ. ರಾಜಕೀಯದಲ್ಲಿ ಹೊರಿಸಲೇಬೇಕಾಗುತ್ತೆ, ಹೊಣೆ ಹೊರೋಕೇ ತಾನೆ ಓಟು ಹಾಕಿದ್ದು.

‘ಗಾಂಧಿ ದೊಡ್ಡವರಾ ಬೋಸ್ ದೊಡ್ಡವರಾ’ ಅನ್ನೋದರ ಬದಲು 1939ನ್ನೇ ತಗೊಳ್ಳಿ. ಬೋಸ್ ಕಾಂಗ್ರೆಸ್ ಅಧ್ಯಕ್ಷರಾಗಿ ಮತ್ತೆ ಗೆದ್ದರು. ಸೋತ ಪಟ್ಟಾಭಿ ಸೀತಾರಾಮಯ್ಯ ಗಾಂಧಿಯವರ ಬೆಂಬಲವಿದ್ದವರು. ಆದರೆ ತ್ರಿಪುರಿ ಅಧಿವೇಶನದಲ್ಲಿ, ಕಾರ್ಯಕಾರಿ ಸಮಿತಿ ಗಾಂಧಿಯವರ ಇಚ್ಛೆಯಂತೆ ಇರಬೇಕು ಅಂತ ನಿರ್ಣಯವಾಯ್ತು. ಏಪ್ರಿಲಿನಲ್ಲಿ ಬೋಸ್ ರಾಜೀನಾಮೆ. ಓಟು ಗೆದ್ದವನಿಗೆ ತನ್ನ ತಂಡ ಕಟ್ಟೋ ಹಕ್ಕಿಲ್ಲದಿದ್ದರೆ ಗೆದ್ದದ್ದೇನು? ಆದರೆ ಸಂಘಟನೆಯ ಬಹುಪಾಲು ಜನರ ನಂಬಿಕೆ ಬೇರೆಯವರ ಮೇಲಿದ್ದರೆ, ಗೆದ್ದವನು ಅದನ್ನು ನಡೆಸೋದು ಹೇಗೆ? ಈ ಪ್ರಶ್ನೆಗೆ ಇಡೀ ದಿನ ಕೊಡಬಹುದು.

ಇನ್ನೂ ಹತ್ತಿರದ್ದು ಬೇಕಂದ್ರೆ ದೇವರಾಜ ಅರಸು. ಅವರ ಸಂಕಿರಣ ಅಂದ್ರೆ ‘ಹಿಂದುಳಿದವರ ಹರಿಕಾರ’ ಅನ್ನೋದರಿಂದ ಶುರುವಾಗಿ ಅಲ್ಲೇ ಮುಗಿಯುತ್ತೆ. ನಾನಾದರೆ ಭೂಸುಧಾರಣೆ ತಿದ್ದುಪಡಿ ಒಂದನ್ನೇ ಇಡ್ತಿದ್ದೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರ್ಮ್ ನಂಬರ್ 7 ಹಾಕಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಉಳಿದವರು ಸರ್ಕಾರ ನೇಮಿಸಿದ ಸದಸ್ಯರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ವಕೀಲರು ಬಂದರೆ ದುಡ್ಡಿದ್ದವನು ಗೆಲ್ಲುತ್ತಾನೆ, ಕೇಸು ಎಳೆಯುತ್ತೆ ಅನ್ನೋದು ಇದರ ಹಿಂದಿನ ಲೆಕ್ಕ. ಸರಿನೇ. ಆದರೆ ಸರ್ಕಾರವೇ ಸದಸ್ಯರನ್ನು ಆರಿಸಿದರೆ ಆಳುವ ಪಕ್ಷದ ಮಾತು ನಡೆಯೋದಿಲ್ವಾ? ಎಂಥ ಗಟ್ಟಿ ಡಿಸೈನ್ ಪ್ರಶ್ನೆ ನೋಡಿ.

ನಮ್ಮ ಅಜ್ಜ ಗೇಣಿದಾರ. ಅರ್ಜಿ ಹಾಕಿದ, ಜಮೀನು ಬಂತು. ಅಪ್ಪ ಹೈಸ್ಕೂಲು ಮುಗಿಸಿದ್ದು, ನಾನು ಬಿ.ಇ. ಓದಿದ್ದು ಎರಡಕ್ಕೂ ಆ ಗದ್ದೆಯೇ ಬುಡ. ನಮ್ಮನೆಯಲ್ಲಿ ಅರಸು ಫೋಟೋ ಈಗಲೂ ಇದೆ. ಆದರೆ ಹಾಗೆ ಬಂದದ್ದರಲ್ಲಿ ಒಂದೂವರೆ ಎಕರೆ ಯಾವ ಜಮೀನ್ದಾರನದ್ದೂ ಅಲ್ಲ, ಮೇಲಿನಕೇರಿಯ ಒಬ್ಬ ವಿಧವೆಯದ್ದು. ಗಂಡ ತೀರಿಕೊಂಡ ಮೇಲೆ ಉಳೋರಿಲ್ಲದೆ ಗೇಣಿಗೆ ಕೊಟ್ಟಿದ್ದರು. ಕಾನೂನಿನಲ್ಲಿ ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇತ್ತು, ವಿಧವೆಯರಿಗೆ ಇರಲಿಲ್ಲ. ಅಜ್ಜಿ ಬದುಕಿರೋ ತನಕ ಹಬ್ಬಕ್ಕೆ ಅವರ ಮನೆಗೆ ಅಕ್ಕಿ ಕಳಿಸ್ತಿದ್ದಳು. ಯಾಕೆ ಅಂತ ಕೇಳಿದರೆ ‘ಸುಮ್ನಿರು ಮಾರಾಯ’ ಅಂತಿದ್ದಳು. ಆ ಮನೆಯಲ್ಲಿ ಅರಸು ಹೆಸರು ಎತ್ತೋ ಹಾಗಿರಲಿಲ್ಲ.

ಈ ಎರಡೂ ಮನೆಯವರನ್ನು ಒಂದೇ ವೇದಿಕೆ ಮೇಲೆ ಕೂರಿಸಿ, ಜೊತೆಗೆ ಕಾಯ್ದೆ ಬಲ್ಲ ಒಬ್ಬರನ್ನು. ಅರಸು ಕಳ್ಳರೂ ಆಗಲ್ಲ, ದೇವರೂ ಆಗಲ್ಲ. ತಾವೇ ಭೂಮಿ ಇದ್ದ ಮನೆತನದಿಂದ ಬಂದು, ಸಂಖ್ಯೆಯಲ್ಲಿ ತೀರಾ ಸಣ್ಣ ಸಮುದಾಯದ ನಾಯಕನಾಗಿ, ಇದನ್ನು ಮಾಡಿಸಿದ್ದು ಹೇಗೆ ಅನ್ನೋ ಪ್ರಶ್ನೆ ಆಗ ಎದ್ದು ನಿಲ್ಲುತ್ತೆ. ಜಾರಿಯ ಕೆಲಸ ಬಹಳಷ್ಟು ನಡೆದದ್ದು ತುರ್ತುಪರಿಸ್ಥಿತಿಯ ನೆರಳಲ್ಲಿ ಅನ್ನೋದನ್ನೂ ಕೇಳಬೇಕಾಗುತ್ತೆ.

‘ನಮ್ಮ ಹುಡುಗರಿಗೆ ಇದೆಲ್ಲ ಬೇಡ, ಬೋರಾಗುತ್ತೆ’ ಅಂತ ಒಬ್ಬ ಹಿರಿಯರು ಹೇಳಿದರು. ಹಾಗೇನಿಲ್ಲ ಸಾರ್. ಇದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದರು, ಅದರಿಂದ ಕೃಷಿಕನಲ್ಲದವನೂ ಕೃಷಿ ಜಮೀನು ಕೊಳ್ಳಬಹುದಾಯ್ತು. ನಂದಿಬೆಟ್ಟದ ಕಡೆ ಅರ್ಧ ಎಕರೆ ತಗೊಂಡು ಫಾರ್ಮ್‌ಹೌಸ್ ಕಟ್ಟೋ ಕನಸಿರೋ ಟೀಮ್ ಲೀಡ್‌ಗಳು ನನ್ನ ಫ್ಲೋರಿನಲ್ಲೇ ಆರು ಜನ ಇದ್ದಾರೆ. 1974ರಿಂದ 2020ರವರೆಗೆ ಆ ಬೇಲಿ ಯಾಕಿತ್ತು, ಯಾರಿಗಾಗಿ ಇತ್ತು, ತೆಗೆದದ್ದು ಸರಿಯಾ ಅನ್ನೋದು ಅವರ ಇಎಂಐಗೇ ಸಂಬಂಧಪಟ್ಟ ವಿಷಯ. ಖಂಡಿತ ಬರ್ತಾರೆ.

ಜಗಳ ಆಗುತ್ತೆ ಅಂತಲೂ ಹೆದರುತ್ತಾರೆ. ಆಗಲಿ ಬಿಡಿ. ಮೈಕು ಕಿತ್ತುಕೊಳ್ಳೋ ಧೈರ್ಯ ಇರೋ ಒಬ್ಬರನ್ನು ನಡೆಸೋಕೆ ಕೂರಿಸಿದರೆ ಸಾಕು; ನನ್ನ ಅನುಭವದಲ್ಲಿ ನಿವೃತ್ತ ಹೈಸ್ಕೂಲು ಮೇಡಂಗಳು ಈ ಕೆಲಸಕ್ಕೆ ಅತ್ಯುತ್ತಮ. ಭಾಷಣ ಮೂರೇ, ಹದಿನೈದು ನಿಮಿಷದ್ದು. ಊಟಕ್ಕೆ ಮುಂಚೆ ಒಂದೂವರೆ ಗಂಟೆ ಪ್ರಶ್ನೆಗೆ, ಊಟ ಆದ ಮೇಲೆ ಇನ್ನೊಂದು ಗಂಟೆ. ಒಂದು ವಾರ ಮುಂಚೆ ಹತ್ತು ಪುಟ ಓದೋಕೆ ಕಳಿಸಿ, ಓದದವರು ಬಂದರೂ ಪರವಾಗಿಲ್ಲ. ಶಾಲು, ಪೇಟದ ದುಡ್ಡು ಉಳಿಯುತ್ತಲ್ಲ, ಅದರಲ್ಲಿ ಫಾರ್ಮ್ ನಂಬರ್ 7ರ ಜೆರಾಕ್ಸ್ ತೆಗೆಸಿ ಒಂದೊಂದು ಕುರ್ಚಿಯ ಮೇಲೂ ಇಟ್ಟಿರಿ. ಬಂದವರು ಕೂರೋ ಮುಂಚೆ ಅದನ್ನು ಕೈಗೆತ್ತಿಕೊಳ್ಳಲೇಬೇಕಾಗುತ್ತೆ.