ಲೇತ್ ಇಲ್ಲದವರ ಉಗಿಯಂತ್ರ

ಮಾದರಿ ಉಗಿಯಂತ್ರ ಕಟ್ಟುವ ಆಸೆ ಹೊತ್ತು ಬಂದವರಿಗೆ ಹಿರಿಯ ಹವ್ಯಾಸಿಗಳು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ಮೊದಲು ಲೇತ್ ಕೊಳ್ಳಿ, ಅದನ್ನಿಡಲು ಜಾಗ ಮಾಡಿಕೊಳ್ಳಿ, ಯಂತ್ರದ ವಿಚಾರ ಆಮೇಲೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಆರಂಭಿಸಿದ ಮೇಲೆ ಬ್ರಿಟನ್ನಿನಲ್ಲಿ ಆಳವಾಗಿ ಬೇರೂರಿದ ಈ ಹವ್ಯಾಸಕ್ಕೆ ಹಿತ್ತಲಿನ ವರ್ಕ್‌ಶಾಪೇ ಗರ್ಭಗುಡಿ. ಅದಿಲ್ಲದವರ ಕೆಲಸಕ್ಕೆ ಮೂರು ತೀರ್ಪುಗಳು ಸಿದ್ಧವಾಗಿರುತ್ತವೆ. ಭಾಗಗಳನ್ನು ಹೊರಗೆ ಟರ್ನಿಂಗ್ ಮಾಡಿಸಿದರೆ ಅದು ಬೇರೆಯವರ ಕೆಲಸ. ಕಿಟ್ ತಂದು ಕಟ್ಟಿದರೆ ಬರೀ ಜೋಡಣೆ. ಕೊಳವೆ, ತಗಡು ಬೆಸೆದು ಮಾಡಿದರೆ ಆಟಿಕೆ. ಈ ಮೂರೂ ತೀರ್ಪುಗಳು ಉಗಿಯಂತ್ರದ ಚರಿತ್ರೆಗೂ ಅದರ ತಿರುಳಿಗೂ ಒಪ್ಪುವಂಥವಲ್ಲ.

ಬೇರೆಯವರ ಕೆಲಸ ಎಂಬ ಆಕ್ಷೇಪವನ್ನು ಒಪ್ಪಿದರೆ ಜೇಮ್ಸ್ ವಾಟ್‌ನನ್ನೇ ಯಂತ್ರ ಕಟ್ಟಿದವರ ಸಾಲಿನಿಂದ ಹೊರಗಿಡಬೇಕಾಗುತ್ತದೆ. ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಜೋಡಿಯ ಮೊದಲ ಯಂತ್ರಗಳಿಗೆ ಸಿಲಿಂಡರ್ ಕೊರೆದುಕೊಟ್ಟವನು ಜಾನ್ ವಿಲ್ಕಿನ್ಸನ್. ಫಿರಂಗಿ ಕೊರೆಯುವ ವಿಧಾನಕ್ಕೆ 1774ರಲ್ಲಿ ಪೇಟೆಂಟ್ ಪಡೆದಿದ್ದ ಕಬ್ಬಿಣದ ಉದ್ಯಮಿ. ಅವನು ಕೊರೆದ 50 ಅಂಗುಲದ ಸಿಲಿಂಡರಿನಲ್ಲಿ ಎಲ್ಲಿಯೂ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ಬೌಲ್ಟನ್ ಮೆಚ್ಚಿ ಬರೆದಿದ್ದ. ಬೌಲ್ಟನ್–ವಾಟ್ ಜೋಡಿಯ ಸ್ವಂತ ಸೊಹೊ ಫೌಂಡ್ರಿ ತೆರೆದದ್ದು 1796ರಲ್ಲಿ. ಅದಕ್ಕೆ ಹಿಂದಿನ ಎರಡು ದಶಕ ಅವರು ಮುಖ್ಯವಾಗಿ ಒದಗಿಸಿದ್ದು ನಕ್ಷೆ, ಕವಾಟದಂಥ ಸೂಕ್ಷ್ಮ ಭಾಗಗಳು ಮತ್ತು ಮೇಲ್ವಿಚಾರಣೆ. ಇಂದು ಬೆಂಗಳೂರಿನ ಹವ್ಯಾಸಿಯೊಬ್ಬರು ತಾವೇ ಬರೆದ ನಕ್ಷೆಯನ್ನು ಪೀಣ್ಯದ ಸಣ್ಣ ಲೇತ್ ಶಾಪಿಗೆ ಕೊಟ್ಟು ಫ್ಲೈವೀಲ್ ಮಾಡಿಸಿಕೊಂಡರೆ, ಅವರು ನಡೆಯುವುದು ಇದೇ ದಾರಿಯಲ್ಲಿ. ಯಾವ ಅಳತೆ ಕರಾರುವಾಕ್ಕಾಗಿರಬೇಕು, ಯಾವುದರಲ್ಲಿ ಸ್ವಲ್ಪ ಸಡಿಲು ಬಿಡಬಹುದು ಎಂದು ನಿರ್ಧರಿಸಿದವರೇ ಯಂತ್ರದ ಕರ್ತೃ.

ವಾಟ್‌ನ ಒಂದು ಪ್ರಯೋಗವನ್ನೂ ನೆನೆಯಬೇಕು. ಉಗಿಯನ್ನು ಸಿಲಿಂಡರಿನ ಹೊರಗೆ, ಬೇರೊಂದು ಪಾತ್ರೆಯಲ್ಲಿ ತಣಿಸಬಹುದೆಂಬ ವಿಚಾರ 1765ರಲ್ಲಿ ಹೊಳೆದಾಗ ಅದನ್ನು ಪರೀಕ್ಷಿಸಲು ಆತ ಸಿಲಿಂಡರ್ ಎರಕ ಹೊಯ್ಯಿಸಲಿಲ್ಲ. ಒಂದೂಮುಕ್ಕಾಲು ಅಂಗುಲ ವ್ಯಾಸ, ಹತ್ತು ಅಂಗುಲ ಉದ್ದದ ಹಿತ್ತಾಳೆಯ ಸಿರಿಂಜ್ ತೆಗೆದುಕೊಂಡು ತುದಿಗಳಿಗೆ ತಗಡು ಮುಚ್ಚಿದ. ಗ್ಲ್ಯಾಸ್ಗೊ ವಿಶ್ವವಿದ್ಯಾಲಯದ ಉಪಕರಣ ತಯಾರಕನಾಗಿದ್ದ ಆತನಿಗೆ ಹತಾರಗಳ ಕೊರತೆ ಇರಲಿಲ್ಲ. ಆದರೂ ಸಿದ್ಧವಾಗಿ ಸಿಕ್ಕ ನುಣುಪಾದ ಕೊಳವೆಯನ್ನು ಬಳಸಿದ, ಏಕೆಂದರೆ ಅವನಿಗೆ ಬೇಕಿದ್ದದ್ದು ಪ್ರಶ್ನೆಗೆ ಉತ್ತರ.

ಕಿಟ್ ವಿಚಾರಕ್ಕೆ ಬಂದರೆ, ಇಂಗ್ಲೆಂಡಿನ ಸ್ಟುವರ್ಟ್ 10ವಿ ಯಂತ್ರವನ್ನೇ ನೋಡಿ. ಮುಕ್ಕಾಲು ಅಂಗುಲದ ಸಿಲಿಂಡರ್, ಅಷ್ಟೇ ಸ್ಟ್ರೋಕ್. ಇದು ಒರಟು ಎರಕವಾಗಿಯೂ ಸಿಗುತ್ತದೆ, ಮೆಶಿನಿಂಗ್ ಮುಗಿಸಿದ ಕಿಟ್ ಆಗಿಯೂ ಸಿಗುತ್ತದೆ. ಎರಡನೆಯದನ್ನು ಕೊಂಡವರೂ ಸ್ಲೈಡ್ ವಾಲ್ವನ್ನು ತಾವೇ ಕೂರಿಸಬೇಕು. ಆ ಕವಾಟವನ್ನು ಆಡಿಸುವ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 90 ಡಿಗ್ರಿ ಮುಂದಿದ್ದರೆ ಸಾಲದು, ಇನ್ನೂ ತುಸು ಮುಂದಿರಬೇಕು. ಅದು ಯಾಕೆಂದು ತಿಳಿಯದವರ ಕೈಯಲ್ಲಿ ಯಂತ್ರ ಕುಂಟುತ್ತದೆ. ಆ ತಿಳಿವನ್ನು ಯಾವ ಕಿಟ್ಟೂ ಪೊಟ್ಟಣ ಕಟ್ಟಿ ಕೊಡುವುದಿಲ್ಲ.

ಇನ್ನು ಆಟಿಕೆ ಎಂಬ ಮಾತು. ತೂಗುವ ಸಿಲಿಂಡರಿನ ಯಂತ್ರ, ಅಂದರೆ ಆಸಿಲೇಟಿಂಗ್ ಎಂಜಿನ್, ಈ ಅವಹೇಳನಕ್ಕೆ ಹೆಚ್ಚು ಗುರಿಯಾದದ್ದು. ಅದರಲ್ಲಿ ಪ್ರತ್ಯೇಕ ಕವಾಟವಿಲ್ಲ, ಎಕ್ಸೆಂಟ್ರಿಕ್ ಇಲ್ಲ. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರೇ ಒಂದು ಕೀಲಿನ ಮೇಲೆ ಅತ್ತಿತ್ತ ವಾಲುತ್ತದೆ. ಸಿಲಿಂಡರಿನ ಒಂದು ತೂತು ಅದನ್ನು ಹೊತ್ತ ಕಂಬದ ಎರಡು ತೂತುಗಳ ಮುಂದೆ ಸರಿದಾಡುತ್ತದೆ. ಒಂದು ಉಗಿ ಬರುವ ದಾರಿ, ಇನ್ನೊಂದು ಹೋಗುವ ದಾರಿ. ಪಿಸ್ಟನ್ ತುದಿ ಮುಟ್ಟಿದ ಗಳಿಗೆಯಲ್ಲಿ ಆ ತೂತು ಎರಡರ ನಡುವೆ ನಿಂತು ಎರಡೂ ಮುಚ್ಚಿರಬೇಕು. ತೂತು ತುಸು ದೊಡ್ಡದಾದರೆ ಉಗಿ ನೇರವಾಗಿ ಸೋರಿಹೋಗುತ್ತದೆ, ಚಿಕ್ಕದಾದರೆ ಯಂತ್ರಕ್ಕೆ ಉಸಿರು ಸಾಲದು. ಈ ಲೆಕ್ಕವನ್ನು ಕಾಗದದ ಮೇಲೆ ಕೈವಾರದಿಂದ ಬಿಡಿಸಿ ತಿಳಿಯಬೇಕು. ಎಷ್ಟೇ ಬೆಲೆಯ ಲೇತ್ ಇದ್ದರೂ ತೂತು ಎಲ್ಲಿರಬೇಕೆಂದು ಅದು ಹೇಳುವುದಿಲ್ಲ.

ಉಳಿದ ಕೆಲಸ ಊಟದ ಮೇಜಿನ ಮೇಲೆ ಆಗುವಂಥದ್ದು. ಒಂದರೊಳಗೊಂದು ಕೂರುವಂತೆ 1/32 ಅಂಗುಲದ ಹೆಜ್ಜೆಯಲ್ಲಿ ತಯಾರಾಗುವ ಹಿತ್ತಾಳೆ ಕೊಳವೆಗಳ ಗೋಡೆ 0.014 ಅಂಗುಲ ದಪ್ಪ. ಎರಡು ಕೊಳವೆಗಳ ವ್ಯಾಸದಲ್ಲಿ ಉಳಿಯುವ ಅಂತರ ಸುಮಾರು 0.08 ಮಿಲಿಮೀಟರ್. ಎಣ್ಣೆಯ ಪೊರೆ ಇದ್ದರೆ ಕಡಿಮೆ ಒತ್ತಡದ ಪುಟ್ಟ ಯಂತ್ರಕ್ಕೆ ಅಷ್ಟು ಸಾಕು. ವಿಲ್ಕಿನ್ಸನ್ ಹೆಣಗಿ ಸಾಧಿಸಿದ ನಿಖರತೆ ಈಗ ಅಂಗಡಿಯ ಕೊಳವೆಯಲ್ಲೇ ಇರುವಾಗ ಅದನ್ನು ಬಳಸುವುದರಲ್ಲಿ ಕೀಳು ಏನೂ ಇಲ್ಲ. ಸಿಲಿಂಡರಿನ ಮುಖವನ್ನು ಗಾಜಿನ ಮೇಲೆ ಹಾಸಿದ ನುಣುಪು ಎಮರಿ ಪೇಪರಿನಲ್ಲಿ ಉಜ್ಜಿ ಸಮ ಮಾಡುವುದು, ಕ್ರ್ಯಾಂಕಿನ ಸರಳು ಕಂಬಕ್ಕೆ ಲಂಬವಾಗಿ ನಿಲ್ಲುವಂತೆ ನೋಡಿಕೊಳ್ಳುವುದು, ಇವಕ್ಕೆ ಬೇಕಾದದ್ದು ಅರ, ಕೈಡ್ರಿಲ್, ಬೆಸುಗೆ ಮತ್ತು ತಾಳ್ಮೆ.

ವರ್ಕ್‌ಶಾಪ್ ಪಕ್ಷದವರ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ: ಬಾಯ್ಲರ್ ಹುಡುಗಾಟವಲ್ಲ. ನೀರು ಉಗಿಯಾದಾಗ ಸಾಮಾನ್ಯ ವಾಯುಒತ್ತಡದಲ್ಲಿ ಸುಮಾರು 1600 ಪಟ್ಟು ಹಿಗ್ಗುತ್ತದೆ. 7 ಬಾರ್ ಒತ್ತಡದ ಉಗಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ತವರ–ಸೀಸದ ಸಾಮಾನ್ಯ ಬೆಸುಗೆ 183ಕ್ಕೇ ಕರಗತೊಡಗುತ್ತದೆ. ಅಂಥ ಬಾಯ್ಲರಿಗೆ 600 ಡಿಗ್ರಿ ದಾಟಿ ಕರಗುವ ಬೆಳ್ಳಿಯ ಬೆಸುಗೆ ಬೇಕು, ಕೆಲಸದ ಒತ್ತಡದ ಇಮ್ಮಡಿಗೆ ತಣ್ಣೀರು ತುಂಬಿ ಪರೀಕ್ಷಿಸಬೇಕು. ಆದರೆ ಇದು ಲೇತಿನ ಪರವಾದ ವಾದವಲ್ಲ. ಲೇತ್ ಇದ್ದವರ ಬಾಯ್ಲರಿಗೂ ಇದೇ ಬೆಸುಗೆ ಬೇಕು, ಇದೇ ಪರೀಕ್ಷೆ ಆಗಬೇಕು. ಮನೆಯಲ್ಲಿ ಕಟ್ಟುವವರು ಯಂತ್ರವನ್ನು ಗಾಳಿಯ ಕಡಿಮೆ ಒತ್ತಡದಲ್ಲಿ ಓಡಿಸಲಿ, ಉಗಿಯೇ ಬೇಕಾದರೆ ಪರೀಕ್ಷೆಯಾದ ಬಾಯ್ಲರ್ ಕೊಳ್ಳಲಿ. ಗಾಳಿಯಲ್ಲಿ ಓಡಿದರೂ ಕವಾಟದ ಪಾಠ ಅದೇ.

ಪ್ರಯಾಣಿಕರನ್ನು ಎಳೆಯುವ ಮಾದರಿ ರೈಲು ಎಂಜಿನ್ ಮೇಜಿನ ಮೇಲೆ ಆಗುವ ಕೆಲಸವಲ್ಲ, ನಿಜ. ಆದರೆ ಹವ್ಯಾಸದ ಕೊನೆಯ ಮೆಟ್ಟಿಲಿಗೆ ಬೇಕಾದ ಸಲಕರಣೆಯನ್ನು ಮೊದಲ ಮೆಟ್ಟಿಲಿನ ಶುಲ್ಕವಾಗಿ ಕೇಳಿದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿರುವವರು, ಬಾಡಿಗೆ ಮನೆಯವರು, ವಿದ್ಯಾರ್ಥಿಗಳು ಬಾಗಿಲಲ್ಲೇ ಹಿಂದಿರುಗುತ್ತಾರೆ. ಅನುಭವಿಗಳು ಹೊಸಬರ ಕೈಗೆ ಯಂತ್ರೋಪಕರಣಗಳ ಬೆಲೆಪಟ್ಟಿ ಕೊಡುವ ಬದಲು ಆಸಿಲೇಟಿಂಗ್ ಎಂಜಿನ್ನಿನ ಒಂದು ನಕ್ಷೆ ಕೊಡಲಿ. ತಮ್ಮ ಲೇತನ್ನು ವಾರಕ್ಕೊಮ್ಮೆ ಅವರಿಗೂ ಬಿಟ್ಟುಕೊಡಲಿ, ಬಾಯ್ಲರ್ ಪರೀಕ್ಷಿಸಿಕೊಡಲಿ. ಈ ವಿದ್ಯೆ ಮುಂದಿನ ತಲೆಮಾರಿಗೆ ದಾಟಬೇಕಾದರೆ ಬೇರೆ ದಾರಿ ನನಗೆ ಕಾಣುವುದಿಲ್ಲ.