ವಿದ್ಯಾರ್ಥಿ ಸಂಘಟನೆಗಳು ಯಾರಿಗೆ ಉತ್ತರಿಸಬೇಕು?



ಓದುವ ಮಕ್ಕಳಿಗೆ ರಾಜಕೀಯದ ಗೊಡವೆ ಏಕೆಂದು ಕೇಳುವವರು ನಮ್ಮಲ್ಲಿ ಬಹುಮಂದಿ. ಈ ಸೀಮೆಯವರಾದರೂ ಹಾಗೆ ಕೇಳಬಾರದು. ಇರಕಲ್ಲಗಡ, ಕೊಪ್ಪಳಗಳೆಲ್ಲ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಾಗ, 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿತು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ ವಸತಿನಿಲಯದಲ್ಲಿ ಊಟದ ವೆಚ್ಚ ಏರಿದ್ದರಿಂದ ಹುಟ್ಟಿದ ಚಳವಳಿ, ಮುಂದಿನ ಫೆಬ್ರವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿಯನ್ನೇ ಕೆಳಗಿಳಿಸಿತು. ಆದ್ದರಿಂದ ದೋಷವಿರುವುದು ರಾಜಕೀಯದಲ್ಲಲ್ಲ. ಸಂಘಟನೆಗಳು ಯಾರಿಗೆ ಹೊಣೆಯಾಗಿವೆ ಎಂಬಲ್ಲಿ.

1949ರಲ್ಲಿ ನೋಂದಣಿಯಾದ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತು, 1970ರಲ್ಲಿ ಹುಟ್ಟಿದ ಎಸ್.ಎಫ್.ಐ., 1971ರ ಎನ್.ಎಸ್.ಯು.ಐ. ಇವು ನಮ್ಮ ಕಾಲೇಜುಗಳಲ್ಲಿ ಪರಿಚಿತ ಹೆಸರುಗಳು. ಕೆಲವು ತಾವು ಯಾವ ಪಕ್ಷದ ಅಂಗವೂ ಅಲ್ಲವೆನ್ನುತ್ತವೆ. ಆದರೂ ಯಾವುದರ ಒಲವು ಎತ್ತ ಎಂಬುದು ಗುಟ್ಟೇನಲ್ಲ.

ಒಂದು ನಿದರ್ಶನವನ್ನು ಪರಿಶೀಲಿಸೋಣ. 2021ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ಪದವಿಗೆ ನಾಲ್ಕು ವರ್ಷಗಳ ಚೌಕಟ್ಟನ್ನು ಹಾಕಿತು. ಪರಿಷತ್ತು ನೀತಿಯನ್ನು ಸ್ವಾಗತಿಸಿತು, ಎನ್.ಎಸ್.ಯು.ಐ., ಎಸ್.ಎಫ್.ಐ.ಗಳು ವಿರೋಧಿಸಿದವು. 2023ರಲ್ಲಿ ಸರಕಾರ ಬದಲಾಯಿತು. 2024ರ ಮೇ ತಿಂಗಳಲ್ಲಿ ಪದವಿ ಮರಳಿ ಮೂರು ವರ್ಷಕ್ಕೆ ಬಂದಿತು. ನೀತಿಯ ಪರ ನಿಂತವರಿಗೂ ವಿರೋಧಿಸಿದವರಿಗೂ ತಮ್ಮ ತಮ್ಮ ಕಾರಣಗಳು ಇದ್ದಿರಬಹುದು. ಆದರೆ ಆ ನಿಲುವುಗಳು ಪಕ್ಷಗಳ ನಿಲುವುಗಳೊಡನೆ ಇಷ್ಟು ಕೂಡಿಬಂದುದು ಕಾಕತಾಳೀಯವೇ? ಇರಕಲ್ಲಗಡದಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬಂದು ಓದುವ ಹುಡುಗಿಗೆ ಬೇಕಾದ ಪಠ್ಯಪುಸ್ತಕ, ಪಾಠ ಹೇಳುವ ಅಧ್ಯಾಪಕ, ಕಾಲಕ್ಕೆ ಸರಿಯಾದ ಫಲಿತಾಂಶ, ಇವುಗಳ ಮಾತು ಈ ಜಯಘೋಷಗಳ ನಡುವೆ ಕೇಳದಾಯಿತು.

ಇದಕ್ಕೆ ಕಾರಣವಿದೆ. 1980ರ ದಶಕದ ಕೊನೆಗೆ, ಹಿಂಸೆಯ ಕಾರಣದಿಂದ, ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಅದೇ ಸುಮಾರಿಗೆ, 1989ರಲ್ಲಿ, ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಶಾಸಕರನ್ನು ಆರಿಸಲು ಯೋಗ್ಯನೆನಿಸಿದ ತರುಣ ತನ್ನ ಕಾಲೇಜಿನ ಪ್ರತಿನಿಧಿಯನ್ನು ಆರಿಸಲಾರದವನಾದ. ಚುನಾವಣೆ ಹೋಯಿತು, ಸಂಘಟನೆಗಳು ಉಳಿದವು. ಸಹಪಾಠಿಗಳ ಮತವನ್ನು ಬೇಡಬೇಕಾಗಿಲ್ಲದ ಮುಂದಾಳು ಸಹಜವಾಗಿಯೇ ಮೇಲಿನವರ ಮುಖ ನೋಡುತ್ತಾನೆ.

ಚುನಾವಣೆ ಬಂದರೆ ಹಣ, ಜಾತಿ, ಹೊಡೆದಾಟಗಳೂ ಬರುತ್ತವೆ ಎಂಬ ಹಿರಿಯರ ಅಂಜಿಕೆ ಸುಳ್ಳಲ್ಲ. ಲಿಂಗ್ಡೋ ಸಮಿತಿ 2006ರಲ್ಲಿ ಇದಕ್ಕೆಂದೇ ಕಟ್ಟುಪಾಡುಗಳನ್ನು ಸೂಚಿಸಿತು. ಸುಪ್ರೀಂ ಕೋರ್ಟು ಅವನ್ನು ಅದೇ ವರ್ಷ ಪಾಲಿಸಹೇಳಿತು. ಅಭ್ಯರ್ಥಿಗೆ 5,000 ರೂಪಾಯಿಯ ವೆಚ್ಚಮಿತಿ, ಶೇಕಡಾ 75ರ ಹಾಜರಿ, ಚುನಾವಣೆಯಲ್ಲಿ ಹೊರಗಿನವರಿಗೆ ನಿಷೇಧ, ರಾಜಕೀಯ ಪಕ್ಷಗಳಿಂದ ದೂರ, ಇವು ಅದರಲ್ಲಿ ಮುಖ್ಯವಾದವು. ಅಂಜಿಕೆಗೆ ಔಷಧವಿರುವಾಗ ಬಾಗಿಲನ್ನೇ ಮುಚ್ಚಿಟ್ಟುಕೊಳ್ಳುವುದು ವಿವೇಕವೆನಿಸದು.

ನಿಮ್ಮ ಮಗನೋ ಮಗಳೋ ಯಾವುದೇ ಸಂಘಟನೆಯ ಸದಸ್ಯತ್ವದ ಚೀಟಿ ತಂದರೆ ತಡೆಯಬೇಡಿರಿ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಿ: ನಿಮ್ಮ ಒಲವಿನ ಪಕ್ಷವೇ ಅಧಿಕಾರದಲ್ಲಿದ್ದು ವಿದ್ಯಾರ್ಥಿವೇತನ ತಡವಾದಾಗ, ನಿಮ್ಮ ಸಂಘಟನೆ ಬೀದಿಗಿಳಿದುದುಂಟೆ? ಉಂಟೆಂದರೆ ಸಂತೋಷದಿಂದ ಕಳುಹಿಸಿರಿ. ಇಲ್ಲವೆಂದರೆ, ಆ ಪ್ರಶ್ನೆಯನ್ನು ಸಂಘಟನೆಯ ಸಭೆಯಲ್ಲೇ ಕೇಳಿ ಬರುವಂತೆ ಹೇಳಿರಿ.