ಗುಂಡಿಯ ಲೆಕ್ಕ, ನೀರಿನ ಲೆಕ್ಕ

2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡ ಮಾಮೂಲಿ ನೋಟವಾಗಿದೆ. ಆಗ ಜಮೀನಿಗೂ ಜೇಬಿಗೂ ಹೊಂದುವ ಸಣ್ಣ ಅಳತೆಯ ಹೊಂಡ ತೋಡಿಸಿದವರಲ್ಲಿ ಅನೇಕರು ಈಗ ಅದನ್ನು ದೊಡ್ಡದು ಮಾಡುವ ಯೋಚನೆಯಲ್ಲಿದ್ದಾರೆ. ದಾಳಿಂಬೆ ಹಾಕಿದ್ದಾರೆ, ಅಡಿಕೆ ಇಟ್ಟಿದ್ದಾರೆ, ಬೋರ್‌ವೆಲ್ ಕೈಕೊಟ್ಟಿದೆ. ಎಷ್ಟು ಖರ್ಚಾದೀತು ಎಂದು ವಿಚಾರಿಸಿದರೆ ಸಿಗುವ ಉತ್ತರ ಮೂರು ಬಗೆಯದು: ಗಂಟೆ ಲೆಕ್ಕ, ಇಡಿಗಂಟಿನ ಗುತ್ತಿಗೆ, ಇಲಾಖೆಯ ಅಂದಾಜುಪಟ್ಟಿ. ಮೂರಕ್ಕೂ ಅದರದರ ಗುಣವಿದೆ. ಆದರೆ ಮೂರೂ ಬೆಲೆ ಕಟ್ಟುವುದು ಗುಂಡಿಗೆ. ರೈತನಿಗೆ ಬೇಕಿರುವುದು ಗುಂಡಿಯಲ್ಲ, ಅದರಲ್ಲಿ ನಿಲ್ಲುವ ನೀರು.

ಗಂಟೆ ಲೆಕ್ಕವೇ ಹೆಚ್ಚು ಚಾಲ್ತಿಯಲ್ಲಿರುವುದು. ಜೆಸಿಬಿ ಮಾಲೀಕ ಬರುತ್ತಾನೆ, ದಂಡೆಯ ಮೇಲೆ ಒಂದು ಸುತ್ತು ಹಾಕುತ್ತಾನೆ, ಚಪ್ಪಲಿಯ ತುದಿಯಲ್ಲಿ ಮಣ್ಣು ಕೆದಕುತ್ತಾನೆ. "ಮೂರು ದಿನದ ಕೆಲಸ ಯಜಮಾನ್ರೇ, ಮಣ್ಣು ಪಕ್ಕಕ್ಕೇ ಹಾಕೋದಾದ್ರೆ" ಎನ್ನುತ್ತಾನೆ. ಮಾತಿನ ಮೊದಲರ್ಧ ಎಲ್ಲರ ಕಿವಿಗೂ ಬೀಳುತ್ತದೆ. ಖರ್ಚು ಅಡಗಿರುವುದು ಎರಡನೆಯ ಅರ್ಧದಲ್ಲಿ. ಪಕ್ಕ ಎಂದರೆ ಎಲ್ಲಿ? ಹಳೆಯ ಹೊಂಡ ತೋಡಿದಾಗ ಬಂದ ಮಣ್ಣು ಆಗಲೇ ಪಕ್ಕದಲ್ಲಿ ದಂಡೆಯಾಗಿ ಕೂತಿದೆ. ಹೊಂಡ ಹಿಗ್ಗಬೇಕಾದ ಜಾಗವೂ ಅದೇ. ಹೊಸ ಹೊಂಡಕ್ಕೂ ವಿಸ್ತರಣೆಗೂ ಇರುವ ದೊಡ್ಡ ವ್ಯತ್ಯಾಸ ಇದು: ವಿಸ್ತರಣೆಯಲ್ಲಿ ಅಗೆಯುವ ಮೊದಲೇ ಸಾಗಿಸುವ ಕೆಲಸ ಶುರುವಾಗುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ಯೋಜನೆಯ ಅಳತೆಗಳಲ್ಲಿ 12×12×3 ಮೀಟರ್‌ನದು ಒಂದು, 21×21×3 ಇನ್ನೊಂದು. ಮೊದಲನೆಯದನ್ನು ಎರಡನೆಯದಾಗಿ ಹಿಗ್ಗಿಸಬೇಕು ಎಂದಿಟ್ಟುಕೊಳ್ಳಿ. ಬದಿಗಳು ಗೋಡೆಯಂತೆ ನೆಟ್ಟಗಿರುವುದಿಲ್ಲ. ಗಟ್ಟಿ ಮಣ್ಣಿನಲ್ಲಿ ಒಂದಕ್ಕೊಂದು ಇಳಿಜಾರು, ಅಂದರೆ ಮೂರು ಮೀಟರ್ ಇಳಿಯುವಷ್ಟರಲ್ಲಿ ಪ್ರತಿ ಬದಿಯೂ ಮೂರು ಮೀಟರ್ ಒಳಸರಿಯುತ್ತದೆ. ಮೇಲೆ 12 ಮೀಟರ್ ಅಗಲವಿದ್ದದ್ದು ತಳದಲ್ಲಿ 6, ನಡುಮಟ್ಟದಲ್ಲಿ 9. ಮೇಲಿನ ವಿಸ್ತೀರ್ಣಕ್ಕೆ ತಳದ್ದನ್ನೂ ನಡುಮಟ್ಟದ ನಾಲ್ಕು ಪಟ್ಟನ್ನೂ ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದರೆ ಸಿಗುವುದು 252 ಘನ ಮೀಟರ್. ಇದೇ ಲೆಕ್ಕದಲ್ಲಿ ದೊಡ್ಡ ಹೊಂಡದ್ದು 981. ಪಕ್ಕದ ಅಳತೆ ಎರಡು ಪಟ್ಟೂ ಆಗಲಿಲ್ಲ, ಒಳಗಿನ ಜಾಗ ನಾಲ್ಕು ಪಟ್ಟಿನ ಹತ್ತಿರ ಹೋಯಿತು.

ಇಡಿಗಂಟಿನ ಗುತ್ತಿಗೆ ಎಡವುವುದು ಇಲ್ಲೇ. ಗುತ್ತಿಗೆದಾರ ಉದ್ದ, ಅಗಲ, ಆಳವನ್ನು ಸೀದಾ ಗುಣಿಸುತ್ತಾನೆ. 1323ರಲ್ಲಿ 432 ಕಳೆದು 891 ಘನ ಮೀಟರ್ ಅಗೆತ ಎನ್ನುತ್ತಾನೆ. ಇಳಿಜಾರನ್ನು ಲೆಕ್ಕಕ್ಕೆ ಹಿಡಿದು ಅಳೆದರೆ ನಿಜವಾದ ಅಗೆತ 729. ಅಗೆಯದ 162 ಘನ ಮೀಟರ್‌ಗೂ ರೈತ ದುಡ್ಡು ತೆರುತ್ತಾನೆ. ಹಾಗೆಂದು ಇಡಿಗಂಟನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಯಂತ್ರ ಕೆಟ್ಟು ನಿಂತರೆ, ಡ್ರೈವರ್ ನಿಧಾನ ಮಾಡಿದರೆ ಅದರ ಹೊರೆ ಗುತ್ತಿಗೆದಾರನದೇ. ಗಂಟೆ ಲೆಕ್ಕದಲ್ಲಿ ಆ ಹೊರೆಯೆಲ್ಲ ರೈತನ ತಲೆಗೆ. ಇಡಿಗಂಟು ಮಾತಾಡುವವರು ಅಳತೆಯನ್ನು ಇಳಿಜಾರಿನ ಲೆಕ್ಕದಲ್ಲಿ ಬರೆಸಿಕೊಂಡರೆ ಇದೇ ನೆಮ್ಮದಿಯ ದಾರಿ.

"ಅಗಲ ಬೇಡ, ಆಳ ಮಾಡಿ" ಎಂಬ ಸಲಹೆಯೂ ಹಳ್ಳಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಜಮೀನು ಹೋಗುವುದಿಲ್ಲ, ದಂಡೆ ಮುಟ್ಟಬೇಕಿಲ್ಲ ಎಂಬುದು ಅದರ ಆಕರ್ಷಣೆ. ಲೆಕ್ಕ ಹಾಕಿದರೆ ಬಣ್ಣ ಬಯಲಾಗುತ್ತದೆ. ಬಾಯಿ 12 ಮೀಟರೇ ಉಳಿದು, ಅದೇ ಇಳಿಜಾರಿನಲ್ಲಿ ಆಳ ಮೂರರಿಂದ ನಾಲ್ಕಕ್ಕೆ ಇಳಿದರೆ ತಳ ಆರರಿಂದ ನಾಲ್ಕು ಮೀಟರ್‌ಗೆ ಕುಗ್ಗುತ್ತದೆ. ಸಿಗುವುದು ಸುಮಾರು 277 ಘನ ಮೀಟರ್, ಅಂದರೆ ಬರೀ 25ರ ಹೆಚ್ಚಳ. ಬದಿಯನ್ನು ನೆಟ್ಟಗೆ ಕಡಿದು ಹೆಚ್ಚು ಜಾಗ ಪಡೆಯಲು ಹೋದರೆ ಮೊದಲ ಜೋರು ಮಳೆಗೆ ಅದು ಕುಸಿದು ಹೂಳಾಗಿ ತಳ ಸೇರುತ್ತದೆ.

ಇನ್ನು ಮಣ್ಣು. ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ, ಕಾಲು ಭಾಗ ಹೆಚ್ಚುತ್ತದೆ ಎಂದು ಹಿಡಿಯುವುದು ವಾಡಿಕೆ. 729 ಘನ ಮೀಟರ್ ಹೊರಬಂದಾಗ 911 ಆಗುತ್ತದೆ. ನಾಲ್ಕೂ ದಿಕ್ಕಿಗೆ ಹಿಗ್ಗಿಸುವುದಾದರೆ ಹಳೆಯ ದಂಡೆಯ ಸುಮಾರು 315 ಘನ ಮೀಟರ್ ಇದಕ್ಕೆ ಸೇರುತ್ತದೆ. ಅರ್ಧದಷ್ಟು ಹೊಸ ದಂಡೆಗೇ ಬೇಕಾಗುತ್ತದೆ ಎಂದುಕೊಂಡರೂ ಸಾಗಿಸಲು 600 ಘನ ಮೀಟರ್ ಮಿಕ್ಕುತ್ತದೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಹೆಚ್ಚುಕಡಿಮೆ ನೂರು ಘನ ಅಡಿಯಂತೆ ಅದು ಇನ್ನೂರಕ್ಕೂ ಹೆಚ್ಚು ಲೋಡು. "ಮಣ್ಣು ಮಾರಿದರೆ ಖರ್ಚು ಗಿಟ್ಟುತ್ತದೆ" ಎಂಬ ಮಾತಿನ ಮೇಲೆ ಅಂದಾಜು ನಿಲ್ಲಿಸುವುದು ಅಪಾಯ. ಕಾಮಗಾರಿಗಳಲ್ಲಿ ತುಂಬಲು ಬಳಸುವ ಸಾಮಾನ್ಯ ಮಣ್ಣನ್ನೂ ಕೇಂದ್ರ ಸರ್ಕಾರ 2000ದಲ್ಲಿ ಉಪಖನಿಜದ ಪಟ್ಟಿಗೆ ಸೇರಿಸಿದೆ. ಹೊರಗೆ ಮಾರುವ ಮೊದಲು ಗಣಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮೇಲ್ಪದರದ ಒಂದಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ ಹೊಲಕ್ಕೇ ಹರಡಿಸುವುದು ಮಾರಾಟಕ್ಕಿಂತ ಜಾಣತನ. ಆದರೆ ಅದಕ್ಕೂ ಯಂತ್ರದ ಗಂಟೆಗಳು ಬೇಕು, ಅವೂ ಪಟ್ಟಿಯಲ್ಲಿರಬೇಕು.

ಇಲಾಖೆಯ ಅಂದಾಜುಪಟ್ಟಿ ಈ ವಿಷಯದಲ್ಲಿ ಉಳಿದೆರಡಕ್ಕಿಂತ ಶಿಸ್ತಿನದು. ಮೆದು ಮಣ್ಣು, ಗಟ್ಟಿ ಮಣ್ಣು, ಮೆದುಗಲ್ಲು, ಬಂಡೆ ಎಂದು ಬೇರೆ ಬೇರೆ ದರ ಹಾಕುತ್ತದೆ. ಎಷ್ಟು ಆಳದಿಂದ ಎತ್ತಬೇಕು, ಎಷ್ಟು ದೂರ ಸಾಗಿಸಬೇಕು ಎಂಬುದನ್ನೂ ಗಣಿಸುತ್ತದೆ. ಸಾಮಾನ್ಯವಾಗಿ ಮೊದಲ ಒಂದೂವರೆ ಮೀಟರ್ ಆಳ, 50 ಮೀಟರ್ ದೂರ ಮೂಲ ದರದಲ್ಲೇ ಸೇರಿರುತ್ತದೆ, ಅದರಾಚೆಗೆ ಹೆಚ್ಚುವರಿ. ಪಾಲಿಥಿನ್ ಹೊದಿಕೆ, ತಂತಿ ಬೇಲಿಗಳಿಗೆ ಪ್ರತ್ಯೇಕ ಬಾಬ್ತು. ಕೊರತೆ ಎಂದರೆ, ಮಾದರಿ ಪಟ್ಟಿ ಹೊಸ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಳೆಯ ದಂಡೆ ಸರಿಸುವುದು, ಹೂಳೆತ್ತುವುದು, ನೀರು ಒಳಬರುವ ದಾರಿ, ಹೂಳುಗುಂಡಿ, ಕೋಡಿಗಳನ್ನು ಹೊಸ ಜಾಗಕ್ಕೆ ತರುವುದು, ಇವು ಮಾದರಿಯಲ್ಲಿ ಸಿಗುವುದಿಲ್ಲ.

ನೆಲದಡಿ ಏನಿದೆ ಎಂಬ ಪ್ರಶ್ನೆಗೆ ಮೂರು ಪದ್ಧತಿಗಳೂ ಹಳೆಯ ಹೊಂಡವನ್ನೇ ಸಾಕ್ಷಿಗೆ ಕರೆಯುತ್ತವೆ. ಅದು ಅರ್ಧ ಸಾಕ್ಷಿ. ಮಧ್ಯ ಕರ್ನಾಟಕದಲ್ಲಿ ಒಂದೇ ಹೊಲದ ಒಂದು ಬದಿ ಎರೆಮಣ್ಣು, ಇನ್ನೊಂದು ಬದಿ ಎರಡಡಿಗೇ ಗರಸು ಇರುವುದು ಅಪರೂಪವಲ್ಲ. ಕಲ್ಲು ಸಿಕ್ಕಿ ಬ್ರೇಕರ್ ಹಾಕಿಸಿದ ಮೇಲೆ ಗಂಟೆಯ ದರವೂ ಬೇರೆ, ಗಂಟೆಗಳ ಎಣಿಕೆಯೂ ಬೇರೆ. ಹಿಗ್ಗಿಸುವ ಕಡೆ ಮೂಲೆಗೊಂದು ಪರೀಕ್ಷಾ ಗುಂಡಿ ತೆಗೆಸಲು ಯಂತ್ರಕ್ಕೆ ಒಂದೆರಡು ಗಂಟೆ ಸಾಕು. ಇಡೀ ಅಂದಾಜಿನಲ್ಲಿ ಅಷ್ಟು ಅಗ್ಗವಾಗಿ ಅಷ್ಟು ತಿಳಿಸಿಕೊಡುವ ಬಾಬ್ತು ಬೇರೊಂದಿಲ್ಲ.

ಈಗ ದುಡ್ಡಿಗೆ ಬರೋಣ. ದರಗಳು ಊರಿಂದೂರಿಗೆ ಬದಲಾಗುವುದರಿಂದ ಇವು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡ ಅಂಕಿಗಳಷ್ಟೆ: ಯಂತ್ರಕ್ಕೆ ಗಂಟೆಗೆ 1,200 ರೂ., ಅದು ಗಂಟೆಗೆ ಅಗೆಯುವುದು 25 ಘನ ಮೀಟರ್. ಹೊಲದೊಳಗೇ ಸಾಗಿಸಲು ಲೋಡಿಗೆ 250. ಹೊದಿಕೆ ಚದರ ಮೀಟರ್‌ಗೆ 100. ಬೇಲಿ ಮೀಟರ್‌ಗೆ 300. ಅಗೆತ, ದಂಡೆ ಸರಿಸುವುದು ಸೇರಿ 45,000. ಸಾಗಣೆ 54,000. ಅಂಚಿನಲ್ಲಿ ಹೂಳಲು ಒಂದೊಂದು ಮೀಟರ್ ಬಿಟ್ಟರೆ ಬೇಕಾಗುವ ಹೊದಿಕೆ ಸುಮಾರು 650 ಚದರ ಮೀಟರ್, 65,000. ಬೇಲಿ 25,000. ಒಟ್ಟು 1,89,000. ಜೆಸಿಬಿ ಮಾಲೀಕ ಹೇಳಿದ ಮೂರು ದಿನದ ಬರೀ ಅಗೆತ ಇದರಲ್ಲಿ 35,000. ಅವನು ಸುಳ್ಳು ಹೇಳಿದ್ದಲ್ಲ. ಕೇಳಿದ್ದಷ್ಟಕ್ಕೆ ಉತ್ತರ ಕೊಟ್ಟ, ಉಳಿದದ್ದನ್ನು ಯಾರೂ ಕೇಳಲಿಲ್ಲ.

ಹೆಚ್ಚಿದ 729 ಘನ ಮೀಟರ್‌ಗೆ ಹಂಚಿದರೆ ಘನ ಮೀಟರ್‌ಗೆ 259 ರೂ., ಅಂದರೆ ಲಕ್ಷ ಲೀಟರಿಗೆ 26,000ದ ಆಸುಪಾಸು. ಇದೇ ದರಗಳಲ್ಲಿ ಒಂದೇ ದಿಕ್ಕಿಗೆ ಹಿಗ್ಗಿಸಿ 12×21 ಮಾಡಿದರೆ ಹೊಂಡ 495 ಘನ ಮೀಟರ್ ಹಿಡಿಯುತ್ತದೆ. ಒಂದು ಬದಿಯ ದಂಡೆ ಸರಿಸಿದರೆ ಸಾಕು. ಖರ್ಚು 93,000ದಷ್ಟು. ಆದರೆ ಹೊದಿಕೆ ಪೂರ್ತಿ ಹೊಸದಾಗಬೇಕಾದ್ದರಿಂದ ಹೆಚ್ಚಿದ ಪ್ರತಿ ಘನ ಮೀಟರ್‌ಗೆ 380 ದಾಟುತ್ತದೆ. ಗುಂಡಿಯ ಲೆಕ್ಕದಲ್ಲಿ ದೊಡ್ಡದೇ ಲಾಭ. ಅಂದಾಜು ಇಲ್ಲಿಗೇ ನಿಂತರೆ ಯಾರಾದರೂ ದೊಡ್ಡದನ್ನೇ ಆರಿಸುತ್ತಾರೆ.

ನೀರಿನ ಲೆಕ್ಕ ಹಾಕಿದರೆ ತೀರ್ಪು ತಿರುಗುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಘನ ಮೀಟರ್ ನೀರು. ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಬಿತ್ತು, ಅದರಲ್ಲಿ ಹತ್ತನೆಯ ಒಂದು ಪಾಲು ಹರಿದು ಹೊಂಡ ಸೇರಿತು ಎಂದುಕೊಳ್ಳಿ. ಒಂದು ಹೆಕ್ಟೇರಿನಿಂದ ಬರುವುದು 600 ಘನ ಮೀಟರ್. ಮೊದಲೇ 252 ಹಿಡಿಯುತ್ತಿದ್ದ ಹೊಂಡಕ್ಕೆ ವಿಸ್ತರಣೆಯಿಂದ ಹೊಸದಾಗಿ ದಕ್ಕುವುದು ಹೆಚ್ಚೆಂದರೆ 348. ದೊಡ್ಡ ಹೊಂಡದ 1,89,000ವನ್ನು ಇದಕ್ಕೆ ಹಂಚಿದರೆ ಘನ ಮೀಟರ್‌ಗೆ 543 ರೂ. ಬೀಳುತ್ತದೆ. 12×21ರ ಹೊಂಡವೋ ಪೂರ್ತಿ ತುಂಬುತ್ತದೆ, ಅದರ ದರ 380ರ ಮೇಲೇ ನಿಲ್ಲುತ್ತದೆ. ಮಳೆಗಾಲದ ನಡುವೆ ಒಮ್ಮೆ ನೀರು ಹಾಯಿಸಿಕೊಂಡರೆ ಸಣ್ಣದು ಮತ್ತೆ ತುಂಬಿಕೊಳ್ಳುತ್ತದೆ. ದೊಡ್ಡದರಲ್ಲಿ ಅದೇ ನೀರು ಅಗಲವಾಗಿ ಹರಡಿ ಆವಿಗೆ ಹೆಚ್ಚು ಬಲಿಯಾಗುತ್ತದೆ. ತುಂಬಿದ 21×21ರ ಹೊಂಡದಿಂದ ದಿನಕ್ಕೆ 6 ಮಿ.ಮೀ. ಆವಿಯಾದರೂ ಹೋಗುವುದು 2,600 ಲೀಟರ್.

ಎರಡು ಹೆಕ್ಟೇರಿನ ನೀರು ಹರಿದುಬರುವ ತಗ್ಗಿನಲ್ಲಿ ಹೊಂಡವಿದ್ದರೆ ಇದೇ ಲೆಕ್ಕ ಮತ್ತೆ ದೊಡ್ಡದರ ಕಡೆ ವಾಲುತ್ತದೆ. ಸಣ್ಣದೇ ಸರಿ ಎಂಬ ವಾದ ಇದಲ್ಲ. ಹರಿದುಬರುವ ನೀರನ್ನು ಅಳೆಯದ ಅಂದಾಜು ಎಷ್ಟು ಕರಾರುವಾಕ್ಕಾಗಿದ್ದರೂ ಅರ್ಧ ಅಂದಾಜು. ಬೋರ್‌ವೆಲ್ ನೀರೆತ್ತಿ ತುಂಬಿಸಿಕೊಳ್ಳುತ್ತೇವೆ ಎನ್ನುವವರು ಆ ನೀರನ್ನು ಮಳೆಯ ಲೆಕ್ಕಕ್ಕೆ ಬರೆಯಬಾರದು. ಅಂತರ್ಜಲವನ್ನು ಬಿಸಿಲಿಗೆ ಹರವಿಟ್ಟು ಆವಿಯಾಗಿಸುವ ಖರ್ಚೂ ಅವರ ಪಟ್ಟಿಯಲ್ಲಿರಬೇಕು.

ಯಾವ ಪದ್ಧತಿಯೂ ಕಡಿತ ಮಾಡಬಾರದ ಬಾಬ್ತು ಬೇಲಿ. ಹೊದಿಕೆ ಹಾಸಿದ ಹೊಂಡದ ಬದಿ ಜಾರುತ್ತದೆ. ಬಿದ್ದ ಮಗುವಾಗಲಿ ಕರುವಾಗಲಿ ಹಿಡಿತ ಸಿಗದೆ ಮುಳುಗುತ್ತದೆ. ದುಡ್ಡು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡವನ್ನೇ ಒಂದು ಮೀಟರ್ ಕಿರಿದು ಮಾಡಬೇಕು. ಜೊತೆಗೆ ದಂಡೆಯಿಂದ ತಳದವರೆಗೆ ಗಂಟು ಹಾಕಿದ ಹಗ್ಗಗಳನ್ನು ಇಳಿಬಿಡಬೇಕು.

ಒಟ್ಟಾರೆ ಹೇಳುವುದಾದರೆ, ಗಂಟೆ ಲೆಕ್ಕ ಹೂಳೆತ್ತುವಂಥ ಸಣ್ಣ ಕೆಲಸಕ್ಕೆ ಸರಿ, ವಿಸ್ತರಣೆಗೆ ಸಾಲದು. ಇಳಿಜಾರಿನ ಅಳತೆ, ಮಣ್ಣು ಹಾಕುವ ಜಾಗ ಎರಡನ್ನೂ ಬರೆದುಕೊಂಡ ಇಡಿಗಂಟು ಸಾಮಾನ್ಯ ರೈತನಿಗೆ ಹೆಚ್ಚು ಅನುಕೂಲ. ಇಲಾಖೆಯ ಪಟ್ಟಿ ಚೌಕಾಸಿಗೆ ಕೂರುವ ಮೊದಲು ಓದಿಕೊಳ್ಳಬೇಕಾದ ಒಳ್ಳೆಯ ಮಾದರಿ. ಮೂರರಲ್ಲಿ ಯಾವುದನ್ನು ಹಿಡಿದರೂ ಕೊನೆಯ ಸಾಲಿನಲ್ಲಿ ಒಟ್ಟು ಮೊತ್ತ ಬರೆದು ನಿಲ್ಲಿಸದೆ, ಹೊಸದಾಗಿ ನಿಲ್ಲುವ ಲಕ್ಷ ಲೀಟರಿಗೆ ಎಷ್ಟು ಬಿತ್ತು ಎಂದು ಬರೆಯಬೇಕು. ಆ ನೀರಿನಲ್ಲಿ ಬೆಳೆಯುವ ಬೆಳೆ ಅಷ್ಟನ್ನು ತೀರಿಸಬಲ್ಲದೇ ಎಂಬುದನ್ನು ಆಗ ರೈತನೇ ಹೇಳಿಬಿಡುತ್ತಾನೆ.